ಮೂರನೆಯ ಎಲೆ

ಮುನಿಕೃಷ್ಣಮ್ಮ ಮೊದಲನೆಯ ಸೀಸೆಯನ್ನು ಗಂಡನ ಕಣ್ಣಿನ ನೇರಕ್ಕೆ ಹಿಡಿದಳು.

"ಇದು ಊಕೋಸಾ?"

ಮುನಿವೆಂಕಟಯ್ಯ ಸೀಸೆ ನೋಡಿದ. ಅವಳ ಮುಖ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡ.

"ಓಗ್ಲಿ, ಇದಾ?" ಎರಡನೆಯದನ್ನು ಎತ್ತಿದಳು. "ಬಾಯಲ್ಲಿ ಏಳೋದು ಬ್ಯಾಡ. ಒಂದ್ ಕಿತ ತಲೆ ಆಡ್ಸಿ, ಸಾಕು."

ಅವನು ಕಣ್ಣು ತೆರೆಯಲಿಲ್ಲ. ಮೂರನೆಯದನ್ನು ಎತ್ತುವ ಹೊತ್ತಿಗೆ ಎಡಗೈಯಿಂದ ಮಂಚದ ಚೌಕಟ್ಟು ಹಿಡಿದು ಮೈಯನ್ನು ಅರ್ಧ ಎಳೆದುಕೊಂಡು ಗೋಡೆಯ ಕಡೆ ತಿರುಗಿಬಿಟ್ಟ. ಬಲಗೈ ಅವನ ಬೆನ್ನ ಹಿಂದೆ ಉಳಿಯಿತು. ಅವಳು ಅದನ್ನೆತ್ತಿ ಅವನ ಪಕ್ಕೆಯ ಮೇಲೆ ಇಟ್ಟಳು. ಮೂರು ಸೀಸೆಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಬಂದು ಜಗುಲಿಯ ಮೇಲೆ ಕುಳಿತಳು.

ಒಂದು ಹಾರ್ಲಿಕ್ಸ್ ಸೀಸೆ, ಒಂದು ಔಷಧದ ಹಸಿರು ಸೀಸೆ, ಇನ್ನೊಂದು ಬಿರಡೆ ಹಾಕಿದ ಗಿಡ್ಡನೆಯದು. ಮೂರರಲ್ಲೂ ಇದ್ದದ್ದು ಒಂದೇ ಥರದ ಕಾಳು. ಸಾಸಿವೆಯಷ್ಟೇ ದಪ್ಪ, ಅದರಷ್ಟೇ ದುಂಡಗೆ, ಕಂದುಗಪ್ಪು. ಹೂಕೋಸಿನದೂ ಹಾಗೇ, ಎಲೆಕೋಸಿನದೂ ಹಾಗೇ, ನವಿಲುಕೋಸಿನದೂ ಹಾಗೇ. ಪ್ಯಾಕೆಟ್ಟನ್ನು ಇಲಿ ಕಡಿಯುತ್ತದೆಂದು ಮುನಿವೆಂಕಟಯ್ಯ ಪ್ರತಿ ವರ್ಷ ಬೀಜ ತಂದ ದಿನವೇ ಸೀಸೆಗೆ ಸುರಿದು, ಖಾಲಿ ಪ್ಯಾಕೆಟ್ಟನ್ನು ಒಲೆಗೆ ಹಾಕುತ್ತಿದ್ದ. ಯಾವುದರಲ್ಲಿ ಏನಿದೆ ಎಂದು ಗುರುತು ಬರೆಯಲು ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಅವನಿಗೆ ಗೊತ್ತಿತ್ತು.

ಅಮೃತಹಳ್ಳಿ ಕೆರೆಯ ಕೆಳಗಿನ ಒಂದೂವರೆ ಎಕರೆಯಲ್ಲಿ ಇಪ್ಪತ್ತೆರಡು ವರ್ಷ ಮುನಿಕೃಷ್ಣಮ್ಮ ಮಾಡದ ಕೆಲಸವಿಲ್ಲ. ಕಳೆ ಕಿತ್ತಿದ್ದಳು, ಗೊಬ್ಬರ ಹೊತ್ತಿದ್ದಳು, ಸಸಿ ನೆಟ್ಟಿದ್ದಳು, ಕೊಯ್ದು ಕುಕ್ಕೆಗೆ ತುಂಬಿ ಯಶವಂತಪುರದ ಮಾರ್ಕೆಟ್ಟಿಗೆ ಗಾಡಿ ಕಟ್ಟಿಸಿದ್ದಳು. ಒಟ್ಲು ಪಾತಿಗೆ ಮಾತ್ರ, ಎಂದರೆ ಬೀಜ ಚೆಲ್ಲಿ ಸಸಿ ಎಬ್ಬಿಸುವ ಆ ನಾಲ್ಕು ಪಾತಿಗಳಿಗೆ ಮಾತ್ರ, ಅವನು ಯಾರನ್ನೂ ಬಿಡುತ್ತಿರಲಿಲ್ಲ. ಹೆಂಗಸರು ಬೀಜ ಮುಟ್ಟಬಾರದು ಎನ್ನುತ್ತಿದ್ದ. ಜಕ್ಕೂರು, ಬಾಗಲಗುಂಟೆ ಕಡೆಯವರೂ ಚಳಿಗಾಲದ ಕೋಸಿಗೆ ಅವನ ಪಾತಿಯ ಸಸಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಆಷಾಢದಲ್ಲಿ ಒಂದು ಬೆಳಿಗ್ಗೆ ಪಂಪಿನ ಸ್ವಿಚ್ಚು ಹಾಕಲು ಹೋದವನು ಬಾವಿಕಟ್ಟೆಯ ಬಳಿ ಬಿದ್ದ. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ಬರುವಾಗ ಬಲಗೈ ಬಲಗಾಲು ಸತ್ತಿದ್ದವು, ಮಾತು ಹೋಗಿತ್ತು. ಬುದ್ಧಿಗೇನೂ ಆಗಿಲ್ಲ, ಎಲ್ಲಾ ತಿಳಿಯುತ್ತೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಎಲ್ಲಾ ತಿಳಿಯುತ್ತಿತ್ತು. ತಿಳಿದೂ ಗೋಡೆಗೆ ತಿರುಗಿಕೊಂಡ.

ಅದೇ ದಿನ ಮಧ್ಯಾಹ್ನ ಮೈದುನ ರಾಮಕೃಷ್ಣಪ್ಪ ಬಂದ. ಪಕ್ಕದ ಎರಡು ಎಕರೆ ಅವನದು. ಬಿಳಿ ಷರಟಿನ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡಿದ್ದ. ಅಣ್ಣನ ಮಂಚದ ಬಳಿ ಸ್ಟೂಲು ಎಳೆದುಕೊಂಡು ಕುಳಿತು, ಅವನ ಎಡಗೈ ಹಿಡಿದುಕೊಂಡು ಮಾತಾಡಿದ.

"ಅಣ್ಣ, ನೀನು ಯಾವ್ದುಕ್ಕೂ ತಲೆ ಕೆಡಿಸ್ಕಾಬ್ಯಾಡ. ನಾನು ನಮ್ದುಕ್ಕೆಲ್ಲ ನೀಲಗಿರಿ ಆಕ್ತಾ ಇವ್ನಿ. ಅಂಗೇ ನಿಂದುಕ್ಕೂ ಆಕ್ಬುಡಾನ. ಗಿಡ ಪುಗಸಟ್ಟೆ ಕೊಡ್ತಾರೆ. ನೀರು ಬ್ಯಾಡ, ಗೊಬ್ರ ಬ್ಯಾಡ, ಕಾಯೋದು ಬ್ಯಾಡ. ಆರೇಳು ವರ್ಸ ಬಿಟ್ಟು ಕಡ್ಯೋದು. ಅಲ್ಲೀಗಂಟ ಮನೇಗೆ ರಾಗಿ ನಾನ್ ಅಳೀತೀನಿ. ಏನಂತೀಯ?"

ಮುನಿವೆಂಕಟಯ್ಯ ಸೂರು ನೋಡುತ್ತ ಮಲಗಿದ್ದ. ಆಮೇಲೆ ತಲೆಯನ್ನು ಮೇಲಿನಿಂದ ಕೆಳಕ್ಕೆ ಒಂದು ಸಲ ಆಡಿಸಿದ.

ಬಾಗಿಲಲ್ಲಿ ನಿಂತಿದ್ದ ಮುನಿಕೃಷ್ಣಮ್ಮ ಅದನ್ನು ನೋಡಿದಳು. ಬೆಳಿಗ್ಗೆ ತನಗೆ ಆಡದ ತಲೆ.

"ನಾನ್ ಒಪ್ಪಲ್ಲ" ಅಂದಳು.

ರಾಮಕೃಷ್ಣಪ್ಪ ತಿರುಗಿದ. "ಅತ್ಗೆ, ನಿಮ್ ಒಳ್ಳೇದುಕ್ಕೇ ಏಳ್ತಿರೋದು. ಒಟ್ಲು ಬಿಡೋರ್ ಯಾರೀಗ? ಅಣ್ಣನ ಕೈ ಅದು. ಬೇರೇರಿಗೆ ಬರೋದಲ್ಲ."

"ನಾನ್ ಬಿಡ್ತೀನಿ."

ಅವನು ನಗಲಿಲ್ಲ. ನಗದೆ ಇದ್ದದ್ದಕ್ಕೆ ಅವಳಿಗೆ ಅವನ ಮೇಲೆ ಒಂದಿಷ್ಟು ಮರ್ಯಾದೆ ಉಳಿಯಿತು. "ನೀಲಗಿರಿ ಅಸ್ತದ ಮಳೇಲಿ ನೆಡ್ಬೇಕು. ಅದು ತಪ್ಪಿದ್ರೆ ಇನ್ನೊಂದ್ ವರ್ಸಕ್ಕೋಯ್ತು" ಎಂದಷ್ಟೇ ಹೇಳಿದ.

"ಅಸ್ತ ಬರ್ಲಿ. ಅವತ್ತಿಗೆ ಈ ನೆಲಕ್ಕೆ ನಾನ್ ಎಬ್ಸಿದ್ ಸಸಿ ಬೀಳ್ದೆ ಇದ್ರೆ ನೀವೇ ಬಂದು ಗುಂಡಿ ತೋಡ್ಸಿ. ನಾನ್ ಮಾತಾಡಕ್ಕಿಲ್ಲ."

ಆಗ ಮಘೆಯ ಮಳೆ ನಡೆಯುತ್ತಿತ್ತು. ಹಸ್ತಕ್ಕೆ ಇನ್ನೂ ಐದು ವಾರ ಚಿಲ್ಲರೆ ಇತ್ತು.

ಮಾರನೆಯ ದಿನವೇ ಅವಳು ಒಂದು ಪಾತಿ ಅಗೆದು, ಹಾರ್ಲಿಕ್ಸ್ ಸೀಸೆಯ ಅರ್ಧ ಬೀಜವನ್ನು ಮಣ್ಣು ಬೆರೆಸಿ ಚೆಲ್ಲಿದಳು. ಆ ಸೀಸೆಯೇ ಏಕೆಂದರೆ ಅದು ಮುಂದುಗಡೆ ಇರುತ್ತಿತ್ತು, ಮುಂದಿಟ್ಟದ್ದೇ ಮುಖ್ಯವಾದದ್ದಿರಬೇಕು ಎಂದುಕೊಂಡಳು. ಗಂಡ ಚೆಲ್ಲುತ್ತಿದ್ದುದನ್ನು ದೂರದಿಂದ ನೋಡಿದ್ದಳು, ಹತ್ತಿರದಿಂದ ನೋಡಿರಲಿಲ್ಲ. ನಾಲ್ಕನೆಯ ದಿನ ಪಾತಿ ಪೂರ್ತಿ ಹಸಿರಾಗಿ ಎದ್ದಿತು. ಹುಲ್ಲಿನ ಹಾಗೆ ಒತ್ತೊತ್ತಾಗಿ, ನೆಲ ಕಾಣದ ಹಾಗೆ. ಕೂಲಿಗೆ ಬರುತ್ತಿದ್ದ ಯಲ್ಲಮ್ಮನನ್ನು ಕರೆದು ತೋರಿಸಿದಳು. ಪ್ರಾಯದಿಂದಲೂ ಅವರ ತೋಟದಲ್ಲೇ ದುಡಿದ ಯಲ್ಲಮ್ಮ ಬಗ್ಗಿ ನೋಡಿ, "ಚೆನ್ನಾಗ್ ಬಂದವೆ ಕಣಕ್ಕ. ಯಜಮಾನ್ರುದು ಇಷ್ಟು ಒತ್ತಾಗಿ ಇರ್ತಿರ್ಲಿಲ್ಲ, ಅಷ್ಟೇಯ" ಅಂದಳು.

ಮಘೆ ಕಳೆದು ಬಂದ ಹುಬ್ಬೆಯ ಮಳೆ ಮೂರು ದಿನ ಬಿಡದೆ ಹಿಡಿಯಿತು. ನಾಲ್ಕನೆಯ ಬೆಳಿಗ್ಗೆ ಮುನಿಕೃಷ್ಣಮ್ಮ ಹೋಗಿ ನೋಡಿದಾಗ ಪಾತಿಯ ನಡುವೆ ತಟ್ಟೆಯಗಲದ ಜಾಗದಲ್ಲಿ ಸಸಿಗಳು ಮಲಗಿದ್ದವು. ಎಲೆ ಹಸಿರಾಗಿಯೇ ಇತ್ತು. ಮಣ್ಣಿಗೆ ತಾಗುವ ಕಡೆ ಕಾಂಡ ಕಪ್ಪಾಗಿ ನೂಲಿನಷ್ಟು ಸಣ್ಣಗಾಗಿ ಮುರಿದಿತ್ತು. ಸಂಜೆಗೆ ತಟ್ಟೆ ಮೊರವಾಯಿತು. ಎರಡು ದಿನಕ್ಕೆ ಪಾತಿಯಲ್ಲಿ ಏನೂ ಉಳಿಯಲಿಲ್ಲ.

ಅವಳು ಒಂದು ಹಿಡಿ ಸತ್ತ ಸಸಿ ಕಿತ್ತುಕೊಂಡು ಮನೆಗೆ ಬಂದಳು. ಮುನಿವೆಂಕಟಯ್ಯನನ್ನು ಬೆಳಗಿನ ಬಿಸಿಲಿಗೆಂದು ಜಗುಲಿಯ ಕುರ್ಚಿಯಲ್ಲಿ ಕೂರಿಸಿದ್ದಳು. ಅವನು ಅವಳ ಕೈ ನೋಡಿದ. ಅವನ ಎಡ ತುಟಿ ಮೇಲಕ್ಕೆ ಎಳೆದುಕೊಂಡಿತು. ಗಂಟಲಿನಿಂದ ಒಂದು ಸದ್ದು ಹೊರಟು, ಬಿಟ್ಟು ಬಿಟ್ಟು, ಹೆಗಲು ಅಲ್ಲಾಡಿತು.

"ನಗ್ತೀಯಾ ನೀನು?" ಅಂದಳು.

ಇಪ್ಪತ್ತೆರಡು ವರ್ಷದಲ್ಲಿ ಅವನನ್ನು ಅವಳು ನೀನು ಎಂದದ್ದು ಅದೇ ಮೊದಲು. ಅಂದ ಮೇಲೆ ನಿಲ್ಲಿಸಲಾಗಲಿಲ್ಲ.

"ನಿನ್ಗೆ ಗೊತ್ತಿತ್ತು. ಇದು ಇಂಗಾಯ್ತದೆ ಅಂತ ನಿನ್ಗೆ ಗೊತ್ತಿತ್ತು. ಬಾಯಿ ಓಗಿದ್ರೆ ಓಗ್ಲಿ, ಕೈ ಐತಲ್ಲ ಒಂದು. ತಲೆ ಐತಲ್ಲ. ತಮ್ಮನಿಗೆ ಆಡ್ತದೆ, ನನ್ಗೆ ಆಡಾಕಿಲ್ಲ. ನಾನ್ ಮುಟ್ಟಿದ್ರೆ ನಿನ್ ಎಸ್ರು ಕೆಟ್ಟೋಯ್ತದಾ? ನೀನ್ ಬಿದ್ದ ದಿನಾನೇ ಎಲ್ಲಾ ಬಿದ್ದೋಯ್ತು ಅಂತ ಊರೋರು ಅನ್ಬೇಕು, ಅದು ಬೇಕು ನಿನ್ಗೆ."

ಸಸಿಗಳನ್ನು ಅವನ ಕಾಲ ಬಳಿ ಎಸೆದು ಒಳಗೆ ಹೋದಳು. ಒಲೆ ಹಚ್ಚಿ ರಾಗಿ ಹಿಟ್ಟು ತೊಳಸಿದಳು. ಮಧ್ಯಾಹ್ನ ಉಣ್ಣಿಸಲು ಬಂದಾಗ, ಬಾಯಿ ಒರೆಸಲೆಂದು ಒದ್ದೆ ಬಟ್ಟೆ ಎತ್ತಿದಳು. ಅವನ ಎಡಗಣ್ಣಿನ ಕೆಳಗೆ ಉಪ್ಪು ಕಟ್ಟಿ ಒಣಗಿತ್ತು. ಇಂಥ ಕಾಯಿಲೆಯಲ್ಲಿ ಅಳು ನಗುವಿನಂತೆ ಬರುತ್ತೆ, ನಗು ಅಳುವಿನಂತೆ ಬರುತ್ತೆ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಆಸ್ಪತ್ರೆಯ ನರ್ಸ್ ಹೇಳಿದ್ದಳು. ಮುನಿಕೃಷ್ಣಮ್ಮ ಆ ಕಲೆಯನ್ನು ಒರೆಸಿದಳು. ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅವಳಿಗೆ ಅನಿಸಲಿಲ್ಲ. ತುತ್ತು ಮಾತ್ರ ಇನ್ನಷ್ಟು ಚಿಕ್ಕದಾಗಿ ಮಾಡಿ ಕೊಟ್ಟಳು.

ಮಾರನೆಯ ಬೆಳಿಗ್ಗೆ ಗಂಡನನ್ನು ನೋಡಿಕೊಳ್ಳಲು ಯಲ್ಲಮ್ಮನನ್ನು ಕೂರಿಸಿ, ಮೂರು ಸೀಸೆಗಳನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಬಳ್ಳಾರಿ ರಸ್ತೆಯವರೆಗೆ ನಡೆದು ಬಸ್ಸು ಹತ್ತಿದಳು. ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಕೋಸು ಬೆಳೆಯುತ್ತಾರೆ ಎನ್ನುವುದು ಬಿಟ್ಟರೆ ಅವಳಿಗೆ ಬೇರೇನೂ ಗೊತ್ತಿರಲಿಲ್ಲ. ಗೇಟಿನವನು ಯಾರನ್ನು ನೋಡಬೇಕು ಎಂದು ಕೇಳಿದ. "ಒಟ್ಲು ಬಿಡೋರ್ನ" ಅಂದಳು. ಅವನು ತರಕಾರಿ ತೋಟದ ಕಡೆ ಕೈ ತೋರಿಸಿದ.

ತೋಟದಲ್ಲಿ ಖಾಕಿ ಅಂಗಿಯ ಒಬ್ಬ ಹಿರಿಯ ಮನುಷ್ಯ ಪಾತಿಯ ಅಂಚನ್ನು ಹಲಗೆಯಿಂದ ತಟ್ಟುತ್ತಿದ್ದ. ಹಣೆಯಲ್ಲಿ ವಿಭೂತಿಯ ಮೂರು ಗೆರೆ. ಅವನೇ ಅಲ್ಲಿನ ಮೇಸ್ತ್ರಿ, ಹೆಸರು ಪಂಚಪ್ಪ, ಬಾಗಲಕೋಟೆ ಕಡೆಯವನು. ಅವಳು ಎಲ್ಲವನ್ನೂ ನಿಂತೇ ಹೇಳಿದಳು, ಗಂಡ ಗೋಡೆಗೆ ತಿರುಗಿಕೊಂಡದ್ದನ್ನು ಬಿಟ್ಟು. ಅವನು ಮೂರೂ ಸೀಸೆಯಿಂದ ಚಿಟಿಕೆ ಚಿಟಿಕೆ ಬೀಜ ಅಂಗೈಗೆ ಸುರಿದುಕೊಂಡು ಬಿಸಿಲಿಗೆ ಹಿಡಿದ.

"ಇವು ಅಕ್ಕತಂಗೇರು ನೋಡ್ರಿ. ಕಾಳ ನೋಡಿ ಹೇಳಂದ್ರ ನನ್ನ ಕೈಲೂ ಆಗೂದಿಲ್ಲ."

"ಇಲ್ಲಿ ಓದಿದೋರ್ ಅವ್ರಲ್ಲ, ಅವ್ರಿಗೆ?"

"ಅವರಿಗೂ ಆಗೂದಿಲ್ಲ. ಎದ್ದಮ್ಯಾಲೆ ಹೇಳ್ತಾರ, ಹುಟ್ಟಿದಮ್ಯಾಲೆ." ಅವನು ಬೀಜಗಳನ್ನು ಮತ್ತೆ ಆಯಾ ಸೀಸೆಗೇ ಜೋಪಾನವಾಗಿ ಹಾಕಿದ. "ಅದಕ್ಕಿಂತ ಮೊದಲ ಒಂದ ಕೆಲಸ ಮಾಡ್ರಿ ಯಕ್ಕಾ. ಒಂದೊಂದರಾಗ ನೂರು ನೂರು ಕಾಳ ಎಣಿಸಿ, ಒದ್ದಿ ಅರಿವ್ಯಾಗ ಸುತ್ತಿ ಇಡ್ರಿ."

"ಅರಿವ್ಯಾಗ ಅಂದ್ರೆ?"

ಅವನು ಅವಳ ಚೀಲದ ಬಟ್ಟೆ ಮುಟ್ಟಿ ತೋರಿಸಿದ. "ಇದು, ನಿಮ್ಮ ಬಟ್ಟಿ. ನಾಲ್ಕನೇ ದಿನಕ್ಕ ಬಿಚ್ಚಿ ನೋಡ್ರಿ. ನೂರಕ್ಕ ಎಷ್ಟು ಮೊಳಕಿ ಬಂದ್ವು ಅಂತ. ಎಂಬತ್ತು ಬಂದ್ರ ಛಲೋ ಬೀಜ. ಹತ್ತು ಬಂದ್ರ ಅದರ ಹಿಂದ ಬೀಳಬ್ಯಾಡ್ರಿ."

"ನಮ್ದು ಎದ್ದಿದ್ವು ಅಣ್ಣ. ಎದ್ದು ಸತ್ವು."

"ಅದು ಬೀಜದ ತಪ್ಪಲ್ಲ. ನೀವು ಪಾತಿ ಸುಟ್ಟಿದ್ರೇನು?"

ಅವಳಿಗೆ ತಟ್ಟನೆ ಹಳೆಯ ಶ್ರಾವಣಗಳೆಲ್ಲ ಕಣ್ಣಿಗೆ ಬಂದವು. ಗಂಡ ಪಾತಿಯ ಮೇಲೆ ರಾಗಿಹುಲ್ಲು, ಒಣಗಿದ ತೆಂಗಿನಗರಿ, ಕೊಟ್ಟಿಗೆಯ ಕಸ ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದ. ಕಸ ಕಳೆಯಲೆಂದು ಎಂದುಕೊಂಡಿದ್ದಳು. ಆ ಹೊಗೆಗೆ ಬಟ್ಟೆ ಒಣಹಾಕಲು ಆಗುವುದಿಲ್ಲ ಎಂದು ಬೈದೂ ಇದ್ದಳು.

"ಇಲ್ಲ" ಅಂದಳು.

"ಸುಡ್ರಿ. ಮಣ್ಣಾಗಿನ ರೋಗ ಸುಡ್ತೈತಿ. ಪಾತಿ ಗೇಣೆತ್ತರ ಏರಸ್ರಿ, ನೀರ ನಿಲ್ಲಬಾರದು. ಚೆಲ್ಲಬ್ಯಾಡ್ರಿ, ಗೆರಿ ಹೊಡದು ಗೆರಿಯಾಗ ಬಿಡ್ರಿ, ಬೆರಳು ಬೆರಳು ಬಿಟ್ಟು. ನೀರು ಮುಂಜಾನೆ ಹಾಕ್ರಿ, ಸಂಜೀಕ ಹಾಕಬ್ಯಾಡ್ರಿ. ಮಳಿ ಬಂದ್ರ ಮ್ಯಾಲೆ ಗರಿ ಮುಚ್ರಿ, ನಿಂತ ಕೂಡಲೇ ತಗೀರಿ." ಅವನು ಹಲಗೆ ಕೆಳಗಿಟ್ಟ. "ಇನ್ನ ಯಾವುದು ಯಾವುದು ಅನ್ನೂದು. ಮೊದಲಿನ ಎರಡು ಎಲಿ ನಂಬಬ್ಯಾಡ್ರಿ, ಅವು ಮೂರಕ್ಕೂ ಒಂದ. ಮೂರನೇ ಎಲಿ, ನಾಲ್ಕನೇ ಎಲಿ ಬರೂತನಕ ತಾಳ್ರಿ. ಬರ್ರಿಲ್ಲಿ."

ಪಕ್ಕದ ಪಾತಿಗೆ ಕರೆದುಕೊಂಡು ಹೋಗಿ ತೋರಿಸಿದ. ನವಿಲುಕೋಸಿನ ಎಲೆಯ ಕಡ್ಡಿ ಸಣ್ಣಗೆ ಉದ್ದಕ್ಕಿತ್ತು, ಎಲೆ ತುದಿಯಲ್ಲಿ ಕೊಡೆಯಂತೆ ನಿಂತಿತ್ತು. ಹೂಕೋಸಿನದು ಉದ್ದನೆಯ ಎಲೆ, ನೆಟ್ಟಗೆ ಮೇಲಕ್ಕೆ, ಮೇಲೆ ಬೂದಿ ಸವರಿದ ಬಣ್ಣ. ಎಲೆಕೋಸಿನದು ಅಗಲವಾಗಿ, ಗುಂಡಗೆ, ನೆಲದ ಕಡೆ ಒರಗಿತ್ತು. ಅವಳು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಇವೆಲ್ಲವನ್ನೂ ಸಾವಿರ ಸಾವಿರ ನೆಟ್ಟಿದ್ದಳು. ಇದು ಹೂಕೋಸು, ನೆಡು ಎಂದು ಗಂಡ ಕೈಗೆ ಕೊಟ್ಟದ್ದನ್ನು ನೆಟ್ಟಿದ್ದಳು.

ಹೊರಡುವಾಗ ಪಂಚಪ್ಪ ಕೇಳಿದ, "ನಿಮ್ಮ ಯಜಮಾನ್ರು ಮುನಿವೆಂಕಟಯ್ಯ ಅಂದ್ರಲ್ಲ, ಅಮೃತಹಳ್ಳಿಯವರು?"

"ಹೂಂ."

"ಅವರ ಸಸಿ ನೋಡೀನಿ ನಾನು. ನಮ್ಮಲ್ಲೂ ಹಂಗ ಬರೂದಿಲ್ಲ." ಗೇಟಿನ ಕಡೆ ಎರಡು ಹೆಜ್ಜೆ ಜೊತೆಗೆ ಬಂದು ಹೇಳಿದ, "ಅವರನ್ನ ಪಾತಿ ಹತ್ರ ಕುಂಡ್ರಸ್ರಿ ಯಕ್ಕಾ. ಮನ್ಯಾಗ ಮಲಗಸಬ್ಯಾಡ್ರಿ."

ಅವಳು ನೂರು ನೂರು ಕಾಳು ಎಣಿಸಿ ಹಳೆಯ ಪಂಚೆಯ ಮೂರು ತುಂಡಿನಲ್ಲಿ ಸುತ್ತಿಟ್ಟಳು. ಪ್ರತಿ ಗಂಟಿಗೂ ಅದರದರ ಸೀಸೆಯನ್ನು ಕಾವಲು ಕೂರಿಸಿದಳು. ನಾಲ್ಕನೆಯ ದಿನ ಬಿಚ್ಚಿದಾಗ ಹಾರ್ಲಿಕ್ಸ್ ಸೀಸೆಯದು ಎಂಬತ್ತೊಂದು ಮೊಳೆತಿತ್ತು, ಗಿಡ್ಡ ಸೀಸೆಯದು ಎಂಬತ್ತಾರು. ಹಸಿರು ಸೀಸೆಯದರಲ್ಲಿ ಏಳು. ಅದು ಯಾವುದೋ ಹಳೆಯ ವರ್ಷದ ಬೀಜ. ಅದನ್ನು ತೋಟದ ಬೇಲಿಯಾಚೆ ಸುರಿದು ಸೀಸೆಯನ್ನು ತೊಳೆದಿಟ್ಟಳು.

ಇನ್ನುಳಿದದ್ದು ಎರಡು ಸೀಸೆ, ಹಸ್ತ ಮುಗಿಯಲು ನಾಲ್ಕು ವಾರ. ಅವಳು ಮತ್ತು ಯಲ್ಲಮ್ಮ ಎರಡು ದಿನ ಮಣ್ಣು ಹೊತ್ತು ಎರಡು ಪಾತಿ ಏರಿಸಿದರು. ಗರಿ, ಹುಲ್ಲು ಹೇರಿ ಬೆಂಕಿ ಹಾಕಿದರು. ಬೂದಿ ಆರಿದ ಮೇಲೆ ಮಣ್ಣು ತಿರುವಿ, ಹೆಂಟೆಯನ್ನು ಕೈಯಲ್ಲೇ ಪುಡಿ ಮಾಡಿ, ಜರಡಿ ಹಿಡಿದ ಗೊಬ್ಬರ ಬೆರೆಸಿದರು. ಬಿತ್ತುವ ದಿನ ಯಲ್ಲಮ್ಮನೊಂದಿಗೆ ಸೇರಿ ಗಂಡನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋಗಿ ಪಾತಿಯ ತಲೆಯಲ್ಲಿ, ಹೊಂಗೆಯ ನೆರಳಿನಲ್ಲಿ ಇಳಿಸಿದಳು. ಅವನನ್ನು ಏನೂ ಕೇಳಲಿಲ್ಲ. ಅವನ ಕಡೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕುಳಿತು, ಕಡ್ಡಿಯಿಂದ ಗೆರೆ ಎಳೆದು, ಗಿಡ್ಡ ಸೀಸೆಯ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಂದೊಂದಾಗಿ ಬಿಟ್ಟಳು. ಎರಡನೆಯ ಗೆರೆಗೆ ಸೊಂಟ ಹಿಡಿಯಿತು. ಹತ್ತನೆಯ ಗೆರೆಗೆ ಕಾಲು ಮರಗಟ್ಟಿತು. ಎರಡನೆಯ ಪಾತಿಗೆ ಹಾರ್ಲಿಕ್ಸ್ ಸೀಸೆಯಲ್ಲಿ ಉಳಿದಿದ್ದ ಕಾಳನ್ನು ಹಾಗೇ ಬಿಟ್ಟಳು. ಒಮ್ಮೆ ಬೆವರು ಒರೆಸಲು ತಿರುಗಿದಾಗ ಅವನು ಅವಳ ಬೆರಳುಗಳನ್ನೇ ನೋಡುತ್ತಿದ್ದ. ಅವಳು ನೋಡಿದ್ದು ಕಂಡು ಕೆರೆಯ ಕಡೆ ಮುಖ ತಿರುಗಿಸಿದ.

ಸಸಿಗಳು ಎದ್ದವು. ಈ ಸಲ ಹುಲ್ಲಿನ ಹಾಗೆ ಅಲ್ಲ, ಹೊಲಿಗೆ ಹಾಕಿದ ಹಾಗೆ ಸಾಲಾಗಿ. ಮಳೆ ಬಂದಾಗಲೆಲ್ಲ ಅವಳು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಗರಿ ಮುಚ್ಚಿದಳು, ನಿಂತ ಕೂಡಲೇ ತೆಗೆದಳು. ಉತ್ತರೆಯ ಮಳೆಯಲ್ಲಿ ಒಂದು ಮಧ್ಯಾಹ್ನ ಆರು ಸಲ ಮುಚ್ಚಿ ಆರು ಸಲ ತೆಗೆದಳು. ಬುಡ ಕಪ್ಪಾದ ಸಸಿ ಮೂಲೆಯಲ್ಲಿ ಒಂದೆರಡು ಕಂಡಾಗ, ಸುತ್ತಲಿನ ಮಣ್ಣಿನ ಸಮೇತ ಬಗೆದು ದೂರ ಎಸೆದು, ಆ ಗುಣಿಗೆ ಬಿಸಿ ಬೂದಿ ತುಂಬಿದಳು. ಅದು ಯಾರೂ ಹೇಳಿಕೊಟ್ಟದ್ದಲ್ಲ. ಪ್ರತಿ ದಿನ ಬೆಳಿಗ್ಗೆ ಕುರ್ಚಿ ಹೊಂಗೆಯ ಕೆಳಗೆ ಬರುತ್ತಿತ್ತು. ಅವನು ಅಲ್ಲಿಯೇ ಉಣ್ಣುತ್ತಿದ್ದ. ಅವಳು ಅವನಿಗೆ ಮತ್ತೆ ನೀವು ಎನ್ನತೊಡಗಿದ್ದಳು.

ಮೂರನೆಯ ಎಲೆ ಬಂತು. ಆಗಲೂ ಅವಳಿಗೆ ಧೈರ್ಯ ಸಾಲಲಿಲ್ಲ. ನಾಲ್ಕನೆಯದೂ ಬಿಚ್ಚಿಕೊಂಡ ದಿನ ಎರಡು ಪಾತಿಗಳ ನಡುವೆ ಬಗ್ಗಿ ನಿಂತು ಬಹಳ ಹೊತ್ತು ನೋಡಿದಳು. ಹಾರ್ಲಿಕ್ಸ್ ಸೀಸೆಯ ಪಾತಿಯಲ್ಲಿ ಸಣ್ಣ ಕಡ್ಡಿಯ ಕೊಡೆಗಳು. ಗಿಡ್ಡ ಸೀಸೆಯದರಲ್ಲಿ ಉದ್ದನೆಯ, ಬೂದಿ ಬಣ್ಣದ, ನೆಟ್ಟಗಿನ ಎಲೆ.

"ಇದು ಊಕೋಸು" ಎಂದು ಗಂಡನಿಗೆ ಹೇಳಿದಳು. "ಅದು ನವಿಲುಕೋಸು. ಸತ್ತಿದ್ದು ನವಿಲುಕೋಸು. ಊಕೋಸು ಪೂರ್ತಿ ಅದೆ." ಕೇಳುವ ದನಿಯಲ್ಲಿ ಹೇಳಲಿಲ್ಲ. ಅವನು ತಲೆ ಆಡಿಸುತ್ತಾನೋ ಇಲ್ಲವೋ ಎಂದು ಕಾಯಲೂ ಇಲ್ಲ. ಅದೇ ಸಂಜೆ ನೇಗಿಲಿನವನಿಗೆ ಹೇಳಿ, ಮುಕ್ಕಾಲು ನೆಲಕ್ಕೆ ಹೂಕೋಸಿನ ಅಳತೆಯ ಸಾಲು ಹೊಡೆಸಿದಳು.

ಹಸ್ತ ಹುಟ್ಟಿ ವಾರವಾಗಿತ್ತು. ನೆಡುವ ದಿನ ಬೆಳಕು ಹರಿಯುತ್ತಲೇ ಪಾತಿಗೆ ನೀರು ತೋಯಿಸಿ ಸಸಿ ಕೀಳತೊಡಗಿದಳು. ಯಲ್ಲಮ್ಮ ಇನ್ನು ನಾಲ್ಕು ಹೆಂಗಸರನ್ನು ಕರೆತಂದಿದ್ದಳು. ಕಿತ್ತ ಸಸಿಯನ್ನು ಮುನಿಕೃಷ್ಣಮ್ಮ ಮೊರದಲ್ಲಿ ಹರಡಿ, ನೆರಳಿರಲೆಂದು ಗಂಡನ ಕಾಲ ಬಳಿ ಇಡುತ್ತಿದ್ದಳು. ಮೂರನೆಯ ಮೊರ ತಂದಾಗ ನೆಲದ ಮೇಲೆ ಏಳೆಂಟು ಸಸಿ ಬಿದ್ದಿದ್ದವು. ಗಾಳಿಗೆ ಬಿದ್ದವೆಂದು ಎತ್ತಿ ಮೊರಕ್ಕೆ ಹಾಕಿದಳು.

ಅವನ ಎಡಗೈ ಬಗ್ಗಿತು. ಅವಳು ಹಾಕಿದ ಸಸಿಗಳಲ್ಲಿ ಒಂದನ್ನು ಹುಡುಕಿ, ಎತ್ತಿ, ಮತ್ತೆ ನೆಲಕ್ಕೆ ಬಿಟ್ಟ.

"ಯಾಕೆ, ಚೆನ್ನಾಗೇ ಐತಲ್ಲ" ಎಂದು ಅವಳು ಅದನ್ನು ಎತ್ತಿಕೊಂಡಳು. ನಿಜವಾಗಿ ಮೊರದಲ್ಲಿದ್ದವುಗಳಿಗಿಂತ ಅದೇ ದಪ್ಪನೆಯ ಎಲೆಯ, ಕಡು ಹಸಿರಿನ ಸಸಿ. ಮೊರಕ್ಕೆ ಹಾಕಿದಳು. ಅವನು ಮತ್ತೆ ತೆಗೆದು ಬಿಸಾಕಿದ. ಗಂಟಲಿನಿಂದ "ಬ್ಯಾ" ಎಂಬ ಒಂದು ಸದ್ದು ಬಂತು. ಕೋಪ ಅವಳ ಬಾಯಿಯವರೆಗೆ ಬಂದಿತ್ತು. ಅವನು ಅಷ್ಟರಲ್ಲಿ ಇನ್ನೊಂದು ಸಸಿಯನ್ನು ಎತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನ ಉಗುರಿನಿಂದ ಎಲೆಗಳನ್ನು ಅತ್ತಿತ್ತ ಸರಿಸಿ ಅವಳ ಕಡೆ ಚಾಚಿದ.

ಅವಳು ಬಗ್ಗಿ ನೋಡಿದಳು. ನಾಲ್ಕು ಎಲೆಗಳ ನಡುವೆ ಸಾಸಿವೆಗಿಂತ ಚಿಕ್ಕ ಸುಳಿ ಮುದುರಿಕೊಂಡಿತ್ತು. ಅವನು ಅದನ್ನು ಮೊರದಲ್ಲಿಟ್ಟ. ಆಮೇಲೆ ನೆಲಕ್ಕೆ ಬಿಟ್ಟದ್ದನ್ನು ಬೆರಳಿನಿಂದ ತೋರಿಸಿದ. ಅವಳು ಎತ್ತಿ, ಅವನಂತೆಯೇ ಎಲೆ ಸರಿಸಿದಳು. ದಪ್ಪ ಎಲೆಗಳ ನಡುವೆ ಬರಿಯ ಹೊಂಡ. ಸುಳಿಯೇ ಇರಲಿಲ್ಲ, ಕುರುಡು ಸಸಿ. ನೆಟ್ಟರೆ ಎಲೆ ಬೆಳೆಯುತ್ತ ಹೋಗುತ್ತದೆ, ಹೂವು ಎಂದಿಗೂ ಕಟ್ಟುವುದಿಲ್ಲ. ಪ್ರತಿ ವರ್ಷವೂ ಅವನು ಮೊರ ಮುಂದಿಟ್ಟುಕೊಂಡು ಯಾರೊಂದಿಗೂ ಮಾತಾಡದೆ ಗಂಟೆಗಟ್ಟಲೆ ಕೂರುತ್ತಿದ್ದುದು ಇದಕ್ಕೆ.

ಅವಳು ನೆಲದ ಮೇಲೆ ಕುಳಿತು ಮೊರವನ್ನು ಇಬ್ಬರ ನಡುವೆ ಎಳೆದುಕೊಂಡಳು. ಒಂದು ಸಸಿ ಎತ್ತಿ, ನೋಡಿ, "ಕುಲ್ಡು" ಎಂದು ಹೊರಗಿಟ್ಟಳು. ಅವನು ಅದನ್ನೆತ್ತಿ ಪರೀಕ್ಷಿಸಿ ಹಿಂದಕ್ಕೆ ಮೊರಕ್ಕೇ ಹಾಕಿದ. ಅವಳು ಮತ್ತೆ ನೋಡಿದಳು. ಸುಳಿ ಇತ್ತು, ಮಣ್ಣು ಮೆತ್ತಿಕೊಂಡಿತ್ತು. "ಆಯ್ತು" ಅಂದಳು. ಮುಂದಿನದನ್ನು ಉಗುರಿನಿಂದ ಒರೆಸಿ ನೋಡಿದಳು.

ಬಿಸಿಲೇರುವ ಹೊತ್ತಿಗೆ ರಾಮಕೃಷ್ಣಪ್ಪ ಬದುವಿನ ಮೇಲೆ ಕಾಣಿಸಿಕೊಂಡ. ಹಿಂದೆ ಹಾರೆ ಗುದ್ದಲಿ ಹಿಡಿದ ಇಬ್ಬರು ಆಳು. ಅವನ ನೆಲದಲ್ಲಿ ಆಗಲೇ ನೀಲಗಿರಿಗೆ ಗುಂಡಿ ಬಿದ್ದಿತ್ತು. ಇಲ್ಲಿನ ಸಾಲುಗಳಲ್ಲಿ ಐದು ಹೆಂಗಸರು ಬಗ್ಗಿ ನೆಡುತ್ತಿದ್ದುದನ್ನು ಅವನು ನಿಂತು ನೋಡಿದ. ಆಮೇಲೆ ಹೊಂಗೆಯ ಬಳಿ ಬಂದ.

"ಆಳು ಕರ್ಕಂಬಂದಿವ್ನಿ ಅತ್ಗೆ" ಅಂದ. ಏನಾದರೂ ಹೇಳಬೇಕಲ್ಲ ಎಂದು ಹೇಳಿದ ಹಾಗಿತ್ತು.

"ಒಳ್ಳೇದಾಯ್ತು. ಕಾಲ್ವೆ ಬಾಯಿ ಕುಸ್ದೈತೆ. ನೀರು ಬಿಡೋವಷ್ಟ್ರಲ್ಲಿ ಅದೊಂದು ಕಟ್ಟಿಕೊಟ್ಟು ಓಗ್ಲಿ."

"ಈ ವರ್ಸ ಬಂತು. ಮುಂದುಕ್ಕೆ ಏನ್ ಮಾಡೀರಿ? ಒಂದೊಂದ್ ವರ್ಸ ಒಂದೊಂದು ತರ." ಅವನು ಅಣ್ಣನ ಕಡೆ ತಿರುಗಿದ. "ನೀನೇ ಏಳಣ್ಣ. ಅವತ್ತು ಹೂಂ ಅಂದಿದ್ದೆ."

ಮುನಿವೆಂಕಟಯ್ಯನ ತೊಡೆಯ ಮೇಲೆ ಒಂದು ಸಸಿ ಇತ್ತು. ಅವನು ಎಲೆ ಸರಿಸಿ ನೋಡುತ್ತಿದ್ದ. ನೋಡಿದ ಮೇಲೆ ಅದನ್ನು ಮೊರಕ್ಕೆ ಹಾಕಿ ಇನ್ನೊಂದನ್ನು ಎತ್ತಿಕೊಂಡ. ಅಣ್ಣ ತಲೆ ಎತ್ತಲಿಲ್ಲ.

"ಇನ್ನೊಂದ್ ಮಾತು" ಎಂದಳು ಮುನಿಕೃಷ್ಣಮ್ಮ. ಎದ್ದು ನಿಂತು ಸೀರೆ ಕೊಡವಿಕೊಂಡಳು. "ನಿಮ್ ನೀಲಗಿರಿ ನಮ್ ಬದಿಂದ ಅತ್ತು ಮಾರು ದೂರ ಇರ್ಲಿ. ಬೇರು ಬಾವಿಗ್ ಬರ್ತದೆ ಅಂತಾರೆ."

"ಅತ್ತು ಮಾರು ಅಂದ್ರೆ ನನ್ಗೆ ಎಷ್ಟ್ ನೆಲ ಓಯ್ತದೆ ಅತ್ಗೆ?"

"ಆ ನೆಲಕ್ಕೆ ನವಿಲುಕೋಸು ಆಕಿ. ಸಸಿ ನಾನ್ ಕೊಡ್ತೀನಿ."

ಅವನು ನೋಡೋಣ ಅಂದ. ಆಗುತ್ತದೆ ಎಂದೂ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ಆಳುಗಳನ್ನು ಕಾಲುವೆಯ ಕಡೆ ಕಳಿಸಿದ. ಹೋಗುವಾಗ ನೆಟ್ಟ ಸಾಲು ತುಳಿಯದಂತೆ ಬದುವಿನ ಮೇಲೆಯೇ ಸುತ್ತಿಕೊಂಡು ಹೋದ. ಒಂದು ವಾರದ ಮೇಲೆ ಅವನ ನೀಲಗಿರಿ ಬದುವಿನಿಂದ ಹತ್ತಲ್ಲ, ಆರು ಮಾರು ಬಿಟ್ಟು ನಿಂತಿತು. ಅವಳು ಅಳೆದು ನೋಡಿದಳು. ಮುಂದಿನ ಮಾತನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡಳು.

ಡಿಸೆಂಬರಿನ ಎರಡನೆಯ ವಾರ ಚಳಿ ಗಟ್ಟಿಯಾಗಿ ಹಿಡಿಯಿತು. ಬೆಳಿಗ್ಗೆ ಕೆರೆಯ ಮೇಲಿಂದ ಮಂಜು ಎದ್ದು ತೋಟದವರೆಗೆ ಬಂದು ನಿಲ್ಲುತ್ತಿತ್ತು. ಹೂಕೋಸಿನ ಗಿಡಗಳು ಮಂಡಿಯೆತ್ತರ ಬಂದು ಸಾಲುಗಳ ನಡುವೆ ಕಾಲಿಡಲು ಜಾಗವಿಲ್ಲದಂತೆ ಎಲೆ ಹರಡಿದ್ದವು. ಮುನಿಕೃಷ್ಣಮ್ಮ ಬಾಳೆಯ ನಾರಿನ ಕಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲ ಸಾಲಿಗೆ ಇಳಿದಳು. ಎಲೆಯ ಮೇಲಿನ ನೀರಿಗೆ ಸೀರೆ ಮಂಡಿಯವರೆಗೆ ಒದ್ದೆಯಾಯಿತು. ಒಂದು ಗಿಡದ ಎದುರು ಬಗ್ಗಿ, ಎರಡೂ ಕೈಯಿಂದ ನಡುವಿನ ಎಲೆಗಳನ್ನು ಬಿಡಿಸಿದಳು. ಒಳಗೆ ನಾಲ್ಕಾಣೆಯಷ್ಟು ಅಗಲದ ಹೂವು ಇತ್ತು, ಬೆಣ್ಣೆಯ ಬಣ್ಣದ್ದು. ಬಿಸಿಲು ಬಿದ್ದರೆ ಹಳದಿಯಾಗುತ್ತದೆ. ಅವಳು ಎಲೆಗಳನ್ನು ಒಂದರ ಮೇಲೊಂದು ಮಡಚಿ ಮುಚ್ಚಿ, ನಾರು ಸುತ್ತಿ, ಸಡಿಲವಾಗಿ ಗಂಟು ಹಾಕಿ, ಪಕ್ಕದ ಗಿಡಕ್ಕೆ ಸರಿದಳು.